ಸ್ವಲ್ಪ ಸರಿದು ಕೂರಿ

ಬರ್ಮಿಂಗ್‌ಹ್ಯಾಮಿಗೆ ಬಂದ ಮೊದಲ ವಾರ ಬಸ್ಸಿನಲ್ಲಿ ಒಬ್ಬ ಹೆಂಗಸಿಗೆ ‘ಪ್ಲೀಸ್ ಅಡ್ಜಸ್ಟ್’ ಅಂದೆ. ಇಬ್ಬರು ಕೂರುವ ಸೀಟಿನಲ್ಲಿ ಆಕೆ ಒಬ್ಬಳೇ ಕೂತು, ಪಕ್ಕದಲ್ಲಿ ಚೀಲವನ್ನು ಕೂರಿಸಿಕೊಂಡಿದ್ದಳು. ಬಸ್ಸಿನ ತುಂಬ ಜನ ನಿಂತಿದ್ದರು, ಒಬ್ಬರೂ ತುಟಿ ಬಿಚ್ಚಿರಲಿಲ್ಲ. ನನ್ನ ಮಾತು ಕೇಳಿ ಆಕೆಯ ಮುಖ ಕೆಂಪಾಯಿತು. ಗಡಿಬಿಡಿಯಿಂದ ಲಂಗ ಕೆಳಗೆಳೆದುಕೊಂಡು, ಕೋಟಿನ ಗುಂಡಿ ಮುಟ್ಟಿ ನೋಡಿ, ಥ್ಯಾಂಕ್ಸ್ ಹೇಳಿ ಕಿಟಕಿಯ ಕಡೆ ತಿರುಗಿದಳು. ಚೀಲ ಇದ್ದಲ್ಲೇ ಇತ್ತು. ಇಲ್ಲಿ ಒಬ್ಬರಿಗೆ ಅಡ್ಜಸ್ಟ್ ಅಂದರೆ ಬಟ್ಟೆ ಸರಿಮಾಡಿಕೋ ಎಂದೂ ಅರ್ಥವಾಗಬಹುದು ಎಂದು ನನಗೆ ತಿಳಿದದ್ದು ತಡವಾಗಿ.

ತುಮಕೂರಿನ ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರು ಬಂದು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅಂದರೆ ಗೊಣಗುತ್ತಲಾದರೂ ಸರಿಯುತ್ತೇವೆ. ಇಂಗ್ಲಿಷಿನಿಂದ ತಂದ ಪದ ನಿಜ, ಆದರೆ ನಮ್ಮಲ್ಲಿಗೆ ಬಂದಮೇಲೆ ಅದು ಹೊಸ ಕಸುಬು ಕಲಿತಿದೆ. ವಾಪಸು ಇಂಗ್ಲೆಂಡಿಗೆ ಕರೆದುಕೊಂಡು ಬಂದರೆ ತವರಿನವರಿಗೇ ಅದರ ಗುರುತು ಸಿಗುವುದಿಲ್ಲ.

ನಾನು ಬಂದದ್ದು ಸಾರ್ವಜನಿಕ ಆರೋಗ್ಯ ಓದಲು. ಓದು ಮುಗಿದ ಮೇಲೆ ಡಾಕ್ಟರುಗಳಿಗೆ ತರಬೇತಿ ಕೊಡುವ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಆದರೆ ಓದುವಾಗಿನಿಂದ ಇದ್ದ ಸೆಲ್ಲಿ ಓಕ್ ಬಡಾವಣೆಯ ಮನೆ ಬಿಡಲಿಲ್ಲ. ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳಲ್ಲಿ ಅದೊಂದು. ಅಡುಗೆಮನೆ ಎಲ್ಲರಿಗೂ ಸೇರಿದ್ದು, ಫ್ರಿಜ್ಜಿನಲ್ಲಿ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಖಾನೆ. ಪಕ್ಕದ ಕೋಣೆಯಲ್ಲಿ ಶು-ಫೆನ್ ಇದ್ದಳು. ತೈವಾನಿನವಳು, ಆಸ್ಪತ್ರೆಯಲ್ಲಿ ಸೋಂಕು ಹರಡದಂತೆ ನೋಡಿಕೊಳ್ಳುವ ನರ್ಸು.

ಮೊದಲ ಚಳಿಗಾಲದಲ್ಲಿ ನನಗೆ ಜ್ವರ ಬಂತು. ಜಿಪಿ ಹತ್ತಿರ, ಅಂದರೆ ಬಡಾವಣೆಯ ಡಾಕ್ಟರ ಹತ್ತಿರ, ಫೋನಿನಲ್ಲಿ ಕಾದು ಕಾದು ಕೊನೆಗೆ ಸಿಕ್ಕ ಔಷಧಿ ‘ಚೆನ್ನಾಗಿ ನೀರು ಕುಡಿಯಿರಿ’. ಹೇಳಿಕೊಂಡು ಅಳಲು ಒಂದು ಜೀವವೂ ಇಲ್ಲದ ಆ ದಿನಗಳಲ್ಲಿ ಶು-ಫೆನ್ ಬಾಗಿಲು ತಟ್ಟಿ ಒಂದು ಬಟ್ಟಲು ಒಳಗಿಟ್ಟಳು. ನೋಡಿದರೆ ಗಂಜಿ. ನಮ್ಮದೇ ಅಕ್ಕಿ ಗಂಜಿ, ಮೇಲೊಂದು ಚೂರು ಉಪ್ಪಿನಕಾಯಿಯಂಥದ್ದು. ಅವರ ಊರಿನಲ್ಲೂ ಜ್ವರಕ್ಕೆ ಅದೇ ಪಥ್ಯವಂತೆ. ನಾನು ಅತ್ತದ್ದು ಆಗಲೇ.

ಅವಳ ಜೊತೆಗಿದ್ದು ನಾನು ಗಮನಿಸಿದ ಒಂದು ಸಂಗತಿ ಇದೆ. ಯಾವ ವೆಬ್‌ಸೈಟಾದರೂ ‘ನಿಮ್ಮ ದೇಶ’ ಎಂದು ಕೇಳಿದರೆ ನಾನು ಐ ಅಕ್ಷರಕ್ಕೆ ಹೋಗಿ ಇಂಡಿಯಾ ಒತ್ತಿ ಮುಂದಕ್ಕೆ ಹೋಗುತ್ತೇನೆ. ಅವಳು ಮೊದಲು ಟಿ ಅಕ್ಷರದಲ್ಲಿ ಹುಡುಕುತ್ತಾಳೆ. ಸಿಗದಿದ್ದರೆ ಸಿ ಅಕ್ಷರಕ್ಕೆ ಹೋಗಿ, ಅಲ್ಲಿ ಚೀನಾದ ಜೊತೆ ಸೇರಿಸಿ ಕೊಟ್ಟಿರುವ ಹೆಸರನ್ನು ಓದಿ, ಆ ವೆಬ್‌ಸೈಟಿನ ಕೆಲಸ ಬೇಕೇ ಬೇಡವೇ ಎಂದು ಯೋಚಿಸುತ್ತಾಳೆ.

ಜಗತ್ತಿನ ದೇಶಗಳೆಲ್ಲ ಸೇರಿ ಜಿನೀವಾದಲ್ಲಿ ವರ್ಷಕ್ಕೊಮ್ಮೆ ಆರೋಗ್ಯದ ಸಭೆ ನಡೆಸುತ್ತವೆ. ತೈವಾನ್ ಅದರ ಸದಸ್ಯ ದೇಶವಲ್ಲ. ಅದು ನಮ್ಮದೇ ಭಾಗ ಎನ್ನುತ್ತದೆ ಚೀನಾ, ಅಲ್ಲ ಎನ್ನುತ್ತದೆ ತೈವಾನಿನ ಸರ್ಕಾರ. ನಡುವೆ ಕೆಲವು ವರ್ಷ ‘ಚೈನೀಸ್ ತೈಪೆ’ ಎಂಬ ಹೆಸರಿನಲ್ಲಿ ವೀಕ್ಷಕರಾಗಿ ಬಂದು ಕೂರಿ ಎಂದು ಕರೆ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಇದನ್ನು ಅಮ್ಮನಿಗೆ ಫೋನಿನಲ್ಲಿ ವಿವರಿಸಿದೆ. ನೆಂಟರ ಮನೆ ಮದುವೆಯ ಕರೆಯೋಲೆ ರಾಜಕೀಯದಲ್ಲಿ ಪಳಗಿದ ಅಮ್ಮ ಒಂದೇ ಮಾತಿಗೆ ಮುಗಿಸಿದಳು.

“ಜ್ವರಕ್ಕೇನು ಕರೆಯೋಲೆ ಕಳಿಸ್ತಾರೇನೇ?”

ಹೋದ ವರ್ಷ ನಮ್ಮ ಸಂಸ್ಥೆಯಲ್ಲಿ ಸೋಂಕು ತಡೆಯ ಬಗ್ಗೆ ಒಂದು ದಿನದ ಸಭೆ ಇತ್ತು. ನಡೆಸುವವರು ನಮ್ಮ ಹಿರಿಯ ಡಾಕ್ಟರು ಬಸವರಾಜ ಸರ್. ಗದಗದವರು, ಈಗ ನಗರದ ಅಂಚಿನ ಸಟನ್ ಕೋಲ್ಡ್‌ಫೀಲ್ಡಿನಲ್ಲಿ ದೊಡ್ಡ ಮನೆ. ನನ್ನ ಜೊತೆ ಅವರು ಬೆಂಗಳೂರಿನ ಕನ್ನಡ ಆಡುತ್ತಾರೆ. ತಲೆ ಕೆಟ್ಟಾಗ ಮಾತ್ರ ಗದಗ ಹೊರಬರುತ್ತದೆ. ಮಧ್ಯಾಹ್ನ ದುಂಡು ಮೇಜಿನ ಸುತ್ತ ಬೇರೆ ಬೇರೆ ದೇಶದವರು ತಮ್ಮ ಅನುಭವ ಹೇಳಬೇಕಿತ್ತು. ಶು-ಫೆನ್ ಹೆಸರು ಕೊಟ್ಟವಳು ನಾನೇ. ಎಲ್ಲರ ಮುಂದೆ ಇಡಲು ಹೆಸರು, ದೇಶ ಎರಡನ್ನೂ ಬರೆದ ಫಲಕಗಳನ್ನು ಮಾಡಿಸಿದವಳೂ ನಾನೇ.

ಅವಳು ಹೇಳಬೇಕಿದ್ದದ್ದು ಅಕ್ಕನ ಕಥೆ. ಹಿಂದೊಮ್ಮೆ ಹೊಸ ಜ್ವರ ಬಂದಾಗ ಅಕ್ಕ ನರ್ಸಾಗಿದ್ದ ಆಸ್ಪತ್ರೆಯನ್ನು, ಒಳಗಿದ್ದವರನ್ನು ಒಳಗೇ ಬಿಟ್ಟು ಮುಚ್ಚಿದ್ದರಂತೆ. ಏನು ಮಾಡಬೇಕು ಎಂಬ ಜಿನೀವಾದ ಸಲಹೆ ಬೇರೆಯವರಿಗೆ ನೆಟ್ಟಗೆ ಬಂದರೆ ಇವರಿಗೆ ಊರೆಲ್ಲ ಸುತ್ತಿ ಬರುತ್ತಿತ್ತು ಎಂದು ಶು-ಫೆನ್ ಹೇಳುತ್ತಿದ್ದಳು. ಅಕ್ಕ ಬದುಕಿ ಬಂದಳು, ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಇದನ್ನು ತೈವಾನಿನವಳಾಗಿ, ಮೇಜಿಗೆ ಕೂತು, ಒಂದು ಸಲವಾದರೂ ಹೇಳಬೇಕು ಎಂಬುದು ಅವಳ ಆಸೆ.

ಬೆಳಗಿನ ಚಹಾದ ಹೊತ್ತಿಗೆ ಚೀನಾದಿಂದ ಬಂದಿದ್ದ ಪ್ರೊಫೆಸರರು ಶು-ಫೆನ್ ಹೆಸರಿನ ಜೊತೆ ‘ತೈವಾನ್’ ಎಂದಿದ್ದ ಫಲಕ ನೋಡಿ ಬಸವರಾಜ ಸರ್ ಅವರನ್ನು ಪಕ್ಕಕ್ಕೆ ಕರೆದರು. ಮೆತ್ತನೆಯ ಮನುಷ್ಯ, ಕೋಪ ಮಾಡಲಿಲ್ಲ. ಆ ಫಲಕವೂ ತಾನೂ ಒಂದೇ ಫೋಟೋದಲ್ಲಿ ಕಂಡರೆ ಊರಿಗೆ ಹೋದಮೇಲೆ ತನಗೆ ಕಷ್ಟ, ಹಾಗಾಗಿ ತಾನೇ ಎದ್ದುಹೋಗುತ್ತೇನೆ ಎಂದರು. ಅವರ ಕಷ್ಟವೂ ಸುಳ್ಳಲ್ಲ ಅನ್ನಿಸಿತು.

ಬಸವರಾಜ ಸರ್ ನನ್ನ ಹತ್ತಿರ ಬಂದರು. ಗದಗ ಹೊರಬಂದಿತ್ತು.

“ನೋಡವ್ವ, ಅಕಿಗೆ ಹಿಂದ ಗ್ವಾಡಿ ಕಡೆ ಒಂದ್ ಕುರ್ಚಿ ಹಾಕಸು. ‘ವೀಕ್ಷಕರು’ ಅಂತ ಫಲಕ ಇಡು. ಕಡೀಕ ಎರಡು ಮಾತು ಆಡ್ಲಿ. ಸ್ವಲ್ಪ ಅಡ್ಜಸ್ಟ್ ಮಾಡ್ಕೊ ಅಂತ ಹೇಳು.”

ಹೇಳಿದೆ, ಅದೇ ಪದದಲ್ಲಿ. ಶು-ಫೆನ್ ನನ್ನ ಮುಖ ನೋಡಿದಳು. “ಏನನ್ನು ಅಡ್ಜಸ್ಟ್ ಮಾಡಬೇಕು? ಕುರ್ಚಿಯನ್ನೋ, ನನ್ನನ್ನೋ?”

ಇದು ನಮ್ಮ ಕಡೆಯ ಮಾತು ಎಂದು ತುಮಕೂರಿನ ಬಸ್ಸಿನ ಕಥೆ ಹೇಳಿದೆ. ಮೂವರ ಸೀಟು, ನಾಲ್ಕನೆಯವರು, ಎಲ್ಲ. ಅವಳು ಕೊನೆಯವರೆಗೂ ಕೇಳಿದಳು.

“ನಿಮ್ಮ ಬಸ್ಸಿನಲ್ಲಿ ಆ ಮಾತನ್ನು ಯಾರು ಯಾರಿಗೆ ಹೇಳುತ್ತಾರೆ?”

“ನಿಂತವರು, ಕೂತವರಿಗೆ.”

“ಮತ್ತೆ ನನಗೇಕೆ ಹೇಳುತ್ತಿದ್ದೀಯ?”

ಆ ಪ್ರಶ್ನೆಯನ್ನು ಹಾಗೆಯೇ ಹೊತ್ತುಕೊಂಡು ಹೋಗಿ ಬಸವರಾಜ ಸರ್ ಮುಂದೆ ಇಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಗದಗಿನ ಬಸ್ಸಿನ್ಯಾಗೂ ಹಂಗ ಅದ,” ಎಂದು ತಮ್ಮಷ್ಟಕ್ಕೆ ಎಂಬಂತೆ ಹೇಳಿ ಸಭೆಯ ಕೋಣೆಗೆ ನಡೆದರು.

ಮಧ್ಯಾಹ್ನ ನೋಡಿದರೆ ಮೇಜಿನ ಮೇಲೆ ಯಾವ ದೇಶದ ಹೆಸರೂ ಇರಲಿಲ್ಲ. ಫಲಕಗಳನ್ನೆಲ್ಲ ತಿರುವಿಹಾಕಿ, ಹಿಂಬದಿಯಲ್ಲಿ ಬರೀ ಹೆಸರುಗಳನ್ನು ಸರ್ ತಮ್ಮ ಕೋಳಿಕಾಲಿನ ಅಕ್ಷರದಲ್ಲಿ ಬರೆದಿದ್ದರು. ತಮ್ಮ ಕುರ್ಚಿ ಸರಿಸಿ ಪಕ್ಕದಲ್ಲಿ ಶು-ಫೆನ್‌ಗೆ ಜಾಗ ಮಾಡಿದ್ದರು. ಪ್ರೊಫೆಸರರು ಎದ್ದುಹೋಗಲಿಲ್ಲ.

ನನಗೆ ಖುಷಿಯಾಗಿತ್ತು. ಅವಳಿಗೆ ಅಷ್ಟು ಆಗಿರಲಿಲ್ಲ. “ಇವರೆಲ್ಲರ ದೇಶ ಸಂಜೆಗೆ ವಾಪಸು ಬರುತ್ತದೆ,” ಎಂದು ಕೂರುವ ಮೊದಲು ನನ್ನ ಕಿವಿಯಲ್ಲಿ ಹೇಳಿದಳು. ಆದರೂ ಕೂತಳು, ಮಾತಾಡಿದಳು. ಎಲ್ಲಿಯೂ ದೇಶದ ಹೆಸರು ಎತ್ತಲಿಲ್ಲ, ‘ನಮ್ಮ ಮನೆಯಲ್ಲಿ’ ಎಂದಳು. ಮುಚ್ಚಿದ ಆಸ್ಪತ್ರೆಯ ಕಿಟಕಿಯಿಂದ ಅಕ್ಕ ಕೈ ಬೀಸಿದ್ದನ್ನು ಹೇಳಿದಳು. ಪ್ರೊಫೆಸರರು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ಆಮೇಲೆ ಇಬ್ಬರೂ ತಮ್ಮ ಭಾಷೆಯಲ್ಲಿ ಬಹಳ ಹೊತ್ತು ಏನೋ ಮಾತಾಡಿದರು. ಶು-ಫೆನ್ ಮನೆಗೆ ಹೊರಡುವಾಗ ತನ್ನ ಫಲಕ ಕೇಳಿ ಇಸಿದುಕೊಂಡಳು. ಈಗ ಅದು ನಮ್ಮ ಅಡುಗೆಮನೆಯ ಕಿಟಕಿಯಲ್ಲಿದೆ, ‘ತೈವಾನ್’ ಎಂದು ಬರೆದ ಬದಿ ಒಳಗೆ ನಮ್ಮ ಕಡೆಗೆ.

ಈ ವರ್ಷವೂ ಜಿನೀವಾದಿಂದ ಕರೆ ಬರಲಿಲ್ಲ. ಶು-ಫೆನ್ ಸುದ್ದಿ ಓದಿ ಫೋನು ಬೋರಲು ಹಾಕಿ, ಗಂಜಿಗೆ ನೀರಿಟ್ಟಳು. ಜ್ವರ ಯಾರಿಗೂ ಇರಲಿಲ್ಲ.

ಅದಾದ ಮೇಲೆ ನಾನು ರಜೆಗೆ ಊರಿಗೆ ಹೋದೆ. ತುಮಕೂರಿನ ಬಸ್ಸು, ಕಿಟಕಿ ಪಕ್ಕದ ಸೀಟು, ಹೊರಗೆ ಶೇಂಗಾ ಮಾರುವವರ ಕೂಗು. ಎಷ್ಟೋ ದಿನದ ಮೇಲೆ ನನ್ನ ಜಾಗದಲ್ಲಿ ನಾನು ಕೂತಿದ್ದೇನೆ ಅನ್ನಿಸಿ ಕಣ್ಣು ಮುಚ್ಚಿದೆ. ಮೇಲಿಂದ ಒಂದು ದನಿ ಕೇಳಿತು.

“ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಮ್ಮ.”

ಕಣ್ಣು ಬಿಟ್ಟರೆ ಒಬ್ಬ ಅಜ್ಜಿ ಕಂಬಿ ಹಿಡಿದು ನಿಂತಿದ್ದರು. ನನ್ನ ಪಕ್ಕದ ಸೀಟಿನಲ್ಲಿ ನನ್ನ ಚೀಲ ಕೂತಿತ್ತು. ಅದನ್ನು ಅಲ್ಲಿಟ್ಟದ್ದು ಯಾವಾಗ ಎಂಬುದೇ ನೆನಪಿರಲಿಲ್ಲ. ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಅಜ್ಜಿ ಕೂತು, ಸೆರಗು ಸರಿಮಾಡಿಕೊಂಡು, ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

“ಯಾವೂರಮ್ಮ ನಿಮ್ದು?”

“ಇಲ್ಲೇ ಅಜ್ಜಿ,” ಅಂದೆ.

ಅವರು ಚೀಲಕ್ಕೆ ಇನ್ನೂ ಅಂಟಿದ್ದ ವಿಮಾನದ ಚೀಟಿ ನೋಡಿದರು, ಮತ್ತೆ ನನ್ನನ್ನು ನೋಡಿದರು.