ಮಡಿಗೆಂದು ಹಾಕಿಸಿದ ಸೀಸದ ಪೈಪು

ಹುಣಸೆಹುಳಿ ಹಚ್ಚಿ ದೇವರ ತಂಬಿಗೆ ತಿಕ್ಕುತ್ತಿದ್ದೆ. ಅಂಗೈಗೆಲ್ಲ ಲೋಹದ ವಾಸನೆ ಹತ್ತಿತ್ತು. ಕಾರ್ಕಳ ಪೇಟೆಯಿಂದ ಬಂದ ಯಜಮಾನರು ಜಗಲಿಯಲ್ಲಿ ಕುಳಿತುಕೊಳ್ಳುತ್ತಾ, "ಆ ಪೈಪಿನವ ಹೋದನಂತೆ. ನಿನ್ನೆಯೇ ಎಲ್ಲ ಮುಗಿಯಿತಂತೆ" ಎಂದರು. ಯಾವ ಪೈಪಿನವ ಎಂದು ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಹಾಗೆ ಕರೆಯುವುದು ಒಬ್ಬರನ್ನೇ. ಕೈ ಮೂಸಿಕೊಂಡೆ. ಅದೇ ವಾಸನೆ...

ನಾವು ಕುಕ್ಕುಂದೂರಿನ ಮನೆಗೆ ಬಂದ ಹೊಸತರಲ್ಲಿ ಅತ್ತೆಗೆ ಮೊಣಕಾಲು ನೋವು ಹೆಚ್ಚಾಗಿ, ಬಾವಿಕಟ್ಟೆಗೆ ಹೋಗಿ ಮಡಿ ನೀರು ಸೇದಲು ಆಗುತ್ತಿರಲಿಲ್ಲ. ಸೇದಿ ಹೊತ್ತು ತರುವ ಕೆಲಸ ನನ್ನ ಪಾಲಿಗೆ ಬಂತು. ಪಂಪಿನ ನೀರು ಅವರಿಗೆ ಆಗದು. ಪಂಪಿನಲ್ಲಿ, ನಲ್ಲಿಯಲ್ಲಿ, ಪೈಪು ಸೇರುವಲ್ಲೆಲ್ಲ ಚರ್ಮದ ವಾಷರ್ ಇರುತ್ತದೆ, ಅದನ್ನು ದಾಟಿ ಬಂದ ನೀರು ದೇವರಿಗೆ ಸಲ್ಲದು ಎಂದು ಅವರ ತಾಯಿ ಹೇಳಿದ್ದರಂತೆ. ಪೈಪು ಹಾಕಲು ಬಂದ ಪ್ಲಂಬರ್ ಇದನ್ನು ಕೇಳಿ ನಕ್ಕರು.

"ಈಗ ಎಲ್ಲ ರಬ್ಬರ್ ಅಮ್ಮ."

"ರಬ್ಬರೋ ಚರ್ಮವೋ, ಒಳಗೆ ಹೊಕ್ಕು ನೋಡಿದ್ದು ನೀನಾ?"

"ಹೊಕ್ಕು ನೋಡಲಿಕ್ಕೆ ನಾನೆಂತ ಜಿರಳೆಯಾ ಅಮ್ಮ?"

ಅತ್ತೆಯೂ ನಕ್ಕರು. ಆದರೆ ಅಷ್ಟರಲ್ಲಿ ಅವರ ಕಣ್ಣು ಸ್ಕೂಟರಿನ ಹಿಂದೆ ಕಟ್ಟಿದ್ದ ಬೂದು ಬಣ್ಣದ ಸುರುಳಿಯ ಮೇಲೆ ಬಿದ್ದಿತ್ತು. ಎಲ್ಲಿಯೋ ಕೆಡವಿದ ಹಳೇ ಬಂಗಲೆಯ ಸೀಸದ ಪೈಪು; ಗುಜರಿಗೆ ಒಯ್ಯುತ್ತಿದ್ದರು. ಹಗ್ಗದ ಹಾಗೆ ಬಗ್ಗುತ್ತದೆ, ಬಾವಿಕಟ್ಟೆಯಿಂದ ಅಡಿಗೆಮನೆಯವರೆಗೆ ಒಂದೂ ಜೋಡಣೆ ಬೇಡ. ಜೋಡಣೆ ಇಲ್ಲದಿದ್ದರೆ ವಾಷರೂ ಇಲ್ಲ. "ಲೋಹವಲ್ಲವಾ? ತೊಳೆದರೆ ಶುದ್ಧ. ಇದನ್ನೇ ಹಾಕು" ಎಂದರು ಅತ್ತೆ. ಕಟ್ಟೆಯ ಮೇಲೆ ತಾಮ್ರದ ಹಂಡೆ ಇಡುವುದು, ನಾನು ಸೇದಿ ಅದಕ್ಕೆ ಸುರಿಯುವುದು, ನೀರು ತಾನಾಗಿ ಒಳಗೆ ಬರುವುದು, ಸಾಕಾದಾಗ ಪೈಪಿನ ಬಾಯಿಗೆ ಮರದ ಬೆಣೆ ಸಿಕ್ಕಿಸುವುದು... ಎಲ್ಲ ಅಲ್ಲಿಯೇ ತೀರ್ಮಾನವಾಯಿತು.

ಪ್ಲಂಬರ್ ನನ್ನನ್ನು ಬಾಳೆಗಿಡದ ಹತ್ತಿರ ಕರೆದರು. ನಗು ಹೋಗಿತ್ತು. "ಅಕ್ಕ, ಸೀಸ ಕುಡಿಯುವ ನೀರಿಗೆ ಆಗುವುದಿಲ್ಲ. ಮನೆಯಲ್ಲಿ ಸಣ್ಣ ಮಗು ಉಂಟು. ಯಜಮಾನರಿಗೆ ಒಂದು ಮಾತು ಹೇಳಿ."

"ಅತ್ತೆ ಹೇಳಿ ಆಯ್ತಲ್ಲ. ಹಾಕಿಬಿಡಿ" ಎಂದೆ. ಅತ್ತೆಯ ಹೆದರಿಕೆ ಒಂದು. ಇನ್ನೊಂದು, ಕೊಡ ಹೊತ್ತು ಹೊತ್ತು ನನ್ನ ಸೊಂಟ ಬಿದ್ದುಹೋಗಿತ್ತು. ಯಜಮಾನರಿಗೆ ನಾನು ಹೇಳಲಿಲ್ಲ. ಕೆಲಸ ಮುಗಿಸಿ ಹೋಗುವಾಗಲೂ ಪ್ಲಂಬರ್, "ಬೆಳಗ್ಗಿನ ಮೊದಲ ನೀರನ್ನಾದರೂ ಗಿಡಕ್ಕೆ ಬಿಡಿ ಅಕ್ಕ, ದಮ್ಮಯ್ಯ" ಎಂದಿದ್ದರು.

ಮೊದಲ ನೀರು ಎಂದರೆ ಯಾರೂ ಮುಟ್ಟದ ನೀರು. ಅದನ್ನು ಗಿಡಕ್ಕೆ ಹಾಕುವುದುಂಟೇ? ಇಡೀ ರಾತ್ರಿ ಪೈಪಿನಲ್ಲಿ ನಿಂತ ಆ ನೀರಿನಿಂದಲೇ ದೇವರಿಗೆ ಅಭಿಷೇಕ. ಆ ತೀರ್ಥ ಖಾಲಿ ಹೊಟ್ಟೆಯ ನನ್ನ ಮಗಳಿಗೆ. ಕುಡಿಯಲು ಕೊಡುವ ಅದೇ ಪೈಪಿನ ನೀರನ್ನಂತೂ ಜೀರಿಗೆ ಹಾಕಿ, ಅರ್ಧಕ್ಕೆ ಇಳಿಯುವವರೆಗೆ ಕುದಿಸಿ ಕೊಡುತ್ತಿದ್ದೆ.

ಎರಡು ವರ್ಷದಲ್ಲಿ ಮಗು ಬೇರೆಯೇ ಆಯಿತು. ಹೊಟ್ಟೆನೋವು ಎಂದು ನೆಲದಲ್ಲಿ ಹೊರಳುವುದು, ನಿನ್ನೆ ಬರೆದ ಅಕ್ಷರ ಇಂದು ಮರೆಯುವುದು, ಸಿಟ್ಟು ಬಂದರೆ ಕಚ್ಚುವುದು. ಶಾಲೆಗೆ ಹೋಗದಿರಲು ನಾಟಕ ಎಂದುಕೊಂಡೆ. ಹೊಡೆದೆ. ಕೈಯಿಂದ, ಕೋಲಿನಿಂದ, ಕೂದಲು ಹಿಡಿದು ಗೋಡೆಗೆ... ಒಂದು ದಿನ ಸೌಟಿನಿಂದ. ಒಗ್ಗರಣೆಯಿಂದ ಆಗಷ್ಟೇ ತೆಗೆದ ಸೌಟು ಎಂದು ತಿಳಿದದ್ದು ಅವಳ ತೋಳಿನ ಚರ್ಮ ಎದ್ದ ಮೇಲೆ. ಅವಳು ಅಳಲಿಲ್ಲ. ಗೋಡೆಗೆ ತಲೆ ಚಚ್ಚಿಕೊಂಡಳು. ಅದಾಗಿ ವಾರಕ್ಕೆ ಫಿಟ್ಸ್ ಬಂತು.

ಮಣಿಪಾಲದಲ್ಲಿ ರಕ್ತ ಪರೀಕ್ಷೆ ಮಾಡಿದ ಡಾಕ್ಟರಮ್ಮ ಮೊದಲು ಕೇಳಿದ್ದು ಮನೆಯ ಪೈಪು ಯಾವುದು ಎಂದು. ಸೀಸ ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೂ ತಿಳಿಯುವುದಿಲ್ಲ, ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ ಎಂದರು. "ಕುದಿಸಿ ಕೊಡುತ್ತಿದ್ದೆ ಡಾಕ್ಟ್ರೇ" ಎಂದೆ. ಕುದಿಸಿದಷ್ಟೂ ನೀರು ಆವಿಯಾಗಿ ಸೀಸ ಹಾಗೆಯೇ ಉಳಿಯುತ್ತದೆಯಂತೆ. ನಮ್ಮ ಕೆಂಪುಕಲ್ಲಿನ ಬಾವಿಗಳ ನೀರು ಆ ಪೈಪನ್ನು ಬೇಗ ತಿನ್ನುತ್ತದೆಯಂತೆ. ಅತ್ತೆ ಅಷ್ಟರಲ್ಲಿ ತೀರಿಕೊಂಡಿದ್ದರು. ಇದನ್ನು ಕೇಳಲು ಅವರಿರಲಿಲ್ಲ, ಅದೊಂದು ದೇವರ ದಯೆ.

ಮರುದಿನ ಬೆಳಿಗ್ಗೆ ಯಜಮಾನರು ಬಚ್ಚಲಿನ ನಲ್ಲಿ ಸೋರುತ್ತದೆ ಎಂದು ಸುಳ್ಳು ಹೇಳಿ ಪ್ಲಂಬರನ್ನು ಕರೆಸಿದರು. ಅವರು ಬರುವಷ್ಟರಲ್ಲಿ ಪೈಪನ್ನು ಗೋಡೆಯಿಂದ ಕಿತ್ತು, ಮೊಳದುದ್ದ ಕಡಿದು ಇಟ್ಟುಕೊಂಡಿದ್ದರು. ಪ್ಲಂಬರ್ ಅಂಗಳಕ್ಕೆ ಕಾಲಿಟ್ಟದ್ದೇ ತಡ. ಮೊದಲ ಪೆಟ್ಟು ಹೆಗಲಿಗೆ, ಎರಡನೆಯದು ಬಾಯಿಗೆ. "ನನ್ನ ಮಗುವಿಗೆ ವಿಷ ಹಾಕಿದೆಯಾ? ಹಾಕಿದೆಯಾ?" ಎನ್ನುತ್ತಾ ಬಾರಿಸಿದರು. ಪ್ಲಂಬರ್ ಅಂಗಳದಲ್ಲಿ ಬಿದ್ದು, ತಲೆಗೆ ಬಲಗೈ ಅಡ್ಡ ಹಿಡಿದರು. ಮಣಿಕಟ್ಟು ಮುರಿದ ಸದ್ದು ನನಗೆ ಕೇಳಿಸಿತು, ತೆಂಗಿನ ಒಣ ಮಡಲು ತುಂಡಾದ ಹಾಗೆ.

ರಕ್ತದ ಬಾಯಲ್ಲಿ ಅವರು ನನ್ನ ಕಡೆ ನೋಡಿದರು. "ಅಕ್ಕಾ, ಹೇಳಿ ಅಕ್ಕಾ..."

"ಅವಳೆಂತ ಹೇಳುವುದು?" ಇನ್ನೊಂದು ಪೆಟ್ಟು.

ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಅವರು ದೂರು ಕೊಡಲಿಲ್ಲ. ಮೂಳೆ ಸೊಟ್ಟಗೆ ಕೂಡಿತು. ಸ್ಪ್ಯಾನರ್ ಹಿಡಿಯಲು ಬಾರದೆ ಪ್ಲಂಬಿಂಗ್ ಬಿಟ್ಟರು. ವಿಷದ ಪೈಪು ಹಾಕಿದವ ಎಂಬ ಹೆಸರು ಊರಿಡೀ ಆಗಿತ್ತು, ಆ ಕೈ ನೆಟ್ಟಗಿದ್ದರೂ ಯಾರೂ ಕರೆಯುತ್ತಿರಲಿಲ್ಲ. ಕೆಲವು ವರ್ಷದ ಮೇಲೆ ಕಾರ್ಕಳ ಬಸ್‌ಸ್ಟ್ಯಾಂಡಿನಲ್ಲಿ ಎಡಗೈಯಲ್ಲಿ ಊದುಬತ್ತಿಯ ಕಟ್ಟು ಹಿಡಿದು ಮಾರುತ್ತಿದ್ದರು. ತಲೆ ತಗ್ಗಿಸಿ ದಾಟುತ್ತಿದ್ದ ನನ್ನನ್ನು ಅವರೇ ಮಾತನಾಡಿಸಿದರು.

"ಮಗು ಹೇಗುಂಟು ಅಕ್ಕ?"

"ಪರವಾಗಿಲ್ಲ. ಶಾಲೆಗೆ ಹೋಗ್ತಾಳೆ."

"ಅಷ್ಟು ಸಾಕಲ್ವಾ" ಎಂದರು. ನಾನು ಬಸ್ಸು ಹತ್ತಿದೆ.

ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಓದಿದ್ದು ತಲೆಗೆ ಹತ್ತುವುದು ಇಂದಿಗೂ ನಿಧಾನ. ಫಿಟ್ಸ್ ಮತ್ತೆ ಬರಲಿಲ್ಲ. ತೋಳಿನ ಕಲೆಯನ್ನು ಮುಚ್ಚಿಕೊಳ್ಳದೆ ನನ್ನ ಪಕ್ಕದಲ್ಲಿಯೇ ಕುಳಿತು ಉಣ್ಣುತ್ತಾಳೆ. ದೇವರು ಕೊಟ್ಟದ್ದನ್ನು ನಾನು ಎಣಿಸುತ್ತೇನೆ. ಆದರೆ ಆ ದಿನ ಅಂಗಳದಲ್ಲಿ ನಾನು ಹೇಳದ ಮಾತು ಮಾತ್ರ ಯಾವ ಎಣಿಕೆಗೂ ಸೇರದೆ ಉಳಿದಿತ್ತು...

ತಂಬಿಗೆ ಕೆಳಗಿಟ್ಟು ಜಗಲಿಗೆ ಹೋದೆ. "ಸೀಸ ಬೇಡ ಎಂದು ಅವರು ನನಗೆ ಮೊದಲೇ ಹೇಳಿದ್ದರು. ನಿಮಗೆ ಹೇಳಿ ಎಂದಿದ್ದರು. ನಾನು ಹೇಳಲಿಲ್ಲ."

ಯಜಮಾನರು ಎದ್ದುನಿಂತರು. ಕೈ ಎತ್ತಿದರು. ಹೊಡೆಯಲಿ ಎಂದೇ ನಿಂತಿದ್ದೆ. ಎತ್ತಿದ ಕೈಯನ್ನು ತಾವೇ ಸ್ವಲ್ಪ ಹೊತ್ತು ನೋಡಿ, ಮೆಲ್ಲಗೆ ಕುಳಿತುಬಿಟ್ಟರು.

"ಅಕ್ಕಾ ಹೇಳಿ ಅಂದದ್ದು... ಇದನ್ನಾ?"

"ಹೌದು."

"ನಾನು ಹೊಡೆಯುವಾಗ ನಿನಗೆ ಗೊತ್ತಿತ್ತು."

"ಗೊತ್ತಿತ್ತು."

ಅವರು ಮುಖ ಆಚೆ ತಿರುಗಿಸಿದರು. ಆಚೆ ನೋಡುತ್ತಲೇ, "ಅವನ ಹೆಂಡತಿ ಇದ್ದಾಳೆ" ಎಂದರು. ಸಂಜೆ ಆ ಸಾವಿನ ಮನೆಗೆ ನಾನು ಹೋಗಬೇಕು. ಊರವರು ಕೂತಿರುತ್ತಾರೆ, ಅವರೆದುರೇ ಹೇಳಬೇಕು. ಆ ಹೆಂಗಸು ಮುಖಕ್ಕೆ ಉಗಿದರೂ ಸರಿ. ಕೇಳಬೇಕಾದವರಂತೂ ಇಲ್ಲ.

ಒಳಗೆ ಕುಚ್ಚಲಕ್ಕಿ ಬೆಂದಿತ್ತು. ಗಂಜಿ ಬಸಿಯಲು ಹೋದೆ.