ಹೆಬ್ಬಾಳದ ಬಸ್ಸಿನಲ್ಲಿ ಕಾಗೆ ಎಂಜಲು

ಪಕ್ಕದ ಸೀಟಿನ ಹೆಂಗಸು ಬೆಲ್ಲದ ಮಿಠಾಯಿ ಕಮ್ಮರಕಟ್ಟನ್ನು ಸೆರಗಿನಲ್ಲಿ ಸುತ್ತಿ ಬಲವಾಗಿ ಕಚ್ಚಿದರು. ಸೆರಗು ಎಳೆದರೆ ಅದರ ಜೊತೆ ಕಟ್ಟಿಸಿದ ಹಲ್ಲಿನ ಸೆಟ್ಟೂ ಹೊರಗೆ ಬಂತು. ಕಮ್ಮರಕಟ್ಟು ಮಾತ್ರ ಇಡಿಯಾಗಿಯೇ ಇತ್ತು.

ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನಮ್ಮ ಬಸ್ಸು ಸಿಕ್ಕಿಕೊಂಡಿತ್ತು. ನಾವಿಬ್ಬರೂ ಎಪ್ಪತ್ತು ದಾಟಿದವರು. ಗುರುತಿಲ್ಲದಿದ್ದರೂ ಸ್ಲೇಟು, ಬಳಪ, ಕುಂಟೆಬಿಲ್ಲೆ ಎಂದು ಮಾತು ಹತ್ತಿಕೊಂಡಿತ್ತು. ಅವರ ಚೀಲದಲ್ಲಿ ಇದ್ದದ್ದು ಒಂದೇ ಕಮ್ಮರಕಟ್ಟು. ಬಟ್ಟೆ ಮುಚ್ಚಿ ಕಚ್ಚಿ ಹಂಚಿಕೊಂಡರೆ ಅದು ಕಾಗೆ ಎಂಜಲು. ನಮ್ಮ ಬಾಲ್ಯದಲ್ಲಿ ಅದು ಎಂಜಲೇ ಅಲ್ಲ.

ಅವರು ಸರಕ್ಕನೆ ಹಲ್ಲು ಒಳಗೆ ಸೇರಿಸಿ ಅತ್ತಿತ್ತ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ.

"ನಗಿಸ್ಬೇಡಿ ಕಣ್ರೀ, ಮತ್ತೆ ಬಿದ್ದೋಗತ್ತೆ," ಎಂದು ಬಾಯಿಗೆ ಕೈ ಅಡ್ಡ ಹಿಡಿದು ಅವರೂ ನಕ್ಕರು.

"ಇಲ್ಲಿ ಕೊಡಿ, ನನ್ ದವಡೆ ಹಲ್ಲು ಇನ್ನೂ ಸ್ವಂತದ್ದು," ಎಂದು ನನ್ನ ಸೆರಗಿನಲ್ಲಿ ಸುತ್ತಿ ಕಟಂ ಎಂದು ಕಚ್ಚಿದೆ. ಅವರಿಗೆ ಅರ್ಧ, ನನಗೆ ಅರ್ಧ. ಕೆನ್ನೆ ಉಬ್ಬಿಸಿಕೊಂಡು ನಗುತ್ತಾ ಇಬ್ಬರೂ ಇಳಿಯುವ ಸ್ಟಾಪನ್ನೇ ಬಿಟ್ಟೆವು.

ಮನೆಯಲ್ಲಿ ಸೊಸೆ ನನ್ನ ಸೆರಗಿನ ಬೆಲ್ಲದ ಕಲೆ, ಹಲ್ಲಿನ ಗುರುತು ನೋಡಿ, "ಅತ್ತೆ, ಇದ್ಯಾರು ಕಚ್ಚಿದ್ದು?" ಎಂದಳು. "ನಾನೇ. ಆದ್ರೆ ಎಂಜಲಾಗಿಲ್ಲ ಕಣೆ," ಎಂದೆ, ಗಂಭೀರವಾಗಿ.