ಆರ್ಲೋನ ಹೆಂಡತಿ

ಅರಿಜೋನಾದಲ್ಲಿ ನಾನು ನೋಡಿಕೊಳ್ಳುವ ಟ್ರೇಲರ್, ಅಂದರೆ ಗಾಲಿಮನೆಗಳ, ತಂಗುದಾಣಕ್ಕೆ ಮುದುಕ ಆರ್ಲೋ ಪ್ರತಿ ಚಳಿಗಾಲವೂ ಬರುತ್ತಿದ್ದ. ಮಂಗಳವಾರ ಬಂತೆಂದರೆ ಪೇಟೆಗೆ ಹೋಗಿ ಬಟ್ಟೆ ಒಗೆದು, ಗ್ಯಾಸ್ ತುಂಬಿಸಿ, ಹೆಂಡತಿ ಥೆಲ್ಮಾಳ ಹೃದಯದ ಮಾತ್ರೆ ತರುತ್ತಿದ್ದ. ಅವಳ ರಕ್ತದೊತ್ತಡ ಎಷ್ಟೆಂದು ಸಿಕ್ಕಸಿಕ್ಕವರಿಗೆಲ್ಲ ಸಾರುತ್ತಿದ್ದ. ಐದು ಚಳಿಗಾಲ ಕಳೆದರೂ ಅವಳನ್ನು ಕಂಡವರಿಲ್ಲ. “ಅವಳಿಗೆ ಬೆಳಕು ಆಗಲ್ಲ ಕಣೋ. ನಾನು ಬರೋದು ತಡವಾದ್ರೆ ಬಾಗಿಲು ತಟ್ಟಿ ವಿಚಾರಿಸ್ಕೋ,” ಎನ್ನುತ್ತಿದ್ದ. “ಆಗ್ಲಪ್ಪಾ, ನಿನ್ನ ಮಹಾರಾಣೀನ ನೋಡ್ಕೋತೀನಿ,” ಎಂದು ನಾನು ನಗುತ್ತಿದ್ದೆ. ಸತ್ತ ಹೆಂಡತಿಯನ್ನು ಮರೆಯಲಾಗದ ಪಾಪದವನೆಂದು ನಾವೆಲ್ಲ ನಂಬಿದ್ದೆವು. ಕಳೆದ ಮಂಗಳವಾರ ಅವನು ಔಷಧಿ ಅಂಗಡಿಯಲ್ಲೇ ಕುಸಿದು ತೀರಿಕೊಂಡ. ಶುಕ್ರವಾರ ಸಾಮಾನು ತೆಗೆಸಲೆಂದು ಅವನ ಟ್ರೇಲರಿನ ಬಾಗಿಲ ಬೀಗ ತೆಗೆದೆ. ಒಳಗಿನಿಂದ ಒಣಗಿದ ದನಿಯೊಂದು ಕೇಳಿತು: “ಇಷ್ಟು ಹೊತ್ತಾ, ಆರ್ಲೋ? ಮಾತ್ರೆ ಮುಗಿದು ಮೂರು ದಿನ ಆಯ್ತು.”